ಮಗುವಿನ ಆಸೆಗೆ ಹೊಣೆ ಯಾರು?

ಶ್ರಾವಕರಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ತನ್ನ ಆಸೆಗೆ ತಾನೇ ಎಲ್ಲೆ ಹಾಕಿಕೊಳ್ಳುವುದು ಅದರ ತಿರುಳು. ಆದರೆ ಆಸೆಯ ಸ್ವರೂಪವನ್ನೇ ಅರಿಯದ ಎಳೆಯ ಮನಸ್ಸಿನಲ್ಲಿ ಬೇರೊಬ್ಬರು ಆಸೆಯನ್ನು ಬಿತ್ತಿದರೆ ಅದರ ಹೊಣೆ ಯಾರದು? ಮಕ್ಕಳ ದೂರದರ್ಶನ ಕಾರ್ಯಕ್ರಮಗಳನ್ನು ಆಧರಿಸಿ ಕಟ್ಟಲಾಗುವ ವಿಹಾರೋದ್ಯಾನಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿವೆ.

ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಎಳೆಯರಿಗೆ ಅಕ್ಷರ, ಅಂಕಿಗಳನ್ನು ಕಲಿಸುವ ಸದುದ್ದೇಶದ ಕಾರ್ಯಕ್ರಮ. 1980ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅದನ್ನು ಆಧರಿಸಿದ ಉದ್ಯಾನವೊಂದು ತೆರೆಯಿತು. ಬ್ರಿಟನ್ನಿನಲ್ಲಿ 2004ರಲ್ಲಿ ಮೊದಲ್ಗೊಂಡ ‘ಪೆಪಾ ಪಿಗ್’ ಕಾರ್ಯಕ್ರಮಕ್ಕೆ 2011ರಲ್ಲಿ ಹ್ಯಾಂಪ್‌ಷೈರಿನ ಉದ್ಯಾನವೊಂದರೊಳಗೆ ಒಂದು ಲೋಕವೇ ನಿರ್ಮಾಣವಾಯಿತು. 2022ರಲ್ಲಿ ಫ್ಲಾರಿಡಾದಲ್ಲಿ ಪ್ರತ್ಯೇಕ ಉದ್ಯಾನವೂ ಬಂದಿತು. ತೆರೆಯ ಮೇಲಿನ ಗೆಳೆಯ ಮೊದಲು ಆಟಿಕೆಯಾಗಿ, ಆಮೇಲೆ ಟಿಕೆಟ್ಟಾಗಿ ಮನೆಗೆ ಬರುತ್ತಾನೆ. ಕಥೆ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಮೊದಲಾಯಿತು ಎಂಬುದು ನಾಲ್ಕು ವರ್ಷದ ಮಗುವಿಗೆ ತಿಳಿಯದು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದ ಉದಾಹರಣೆ ಮಾಲ್ಗುಡಿ. ಆರ್. ಕೆ. ನಾರಾಯಣರ ಕಥೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದರು. 1987ರಲ್ಲಿ ದೂರದರ್ಶನದಲ್ಲಿ ಸ್ವಾಮಿ ಎಂಬ ಬಾಲಕ ಮನೆಮಗನಾದನು. ಅದರಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯಾದರೋ, ದರ ಗೊತ್ತುಪಡಿಸದೆ ಅತಿಥಿಗಳಿಗೆ ಊಟವಿಕ್ಕಿದ್ದಕ್ಕೇ ಹೆಸರಾಯಿತು.

ಎರಡು ಕಡೆಯೂ ಜನರನ್ನು ಎಳೆಯುವುದು ಪಾತ್ರದ ಮೇಲಿನ ಪ್ರೀತಿಯೇ. ಅಲ್ಲಿಯದು ಕೆಟ್ಟದ್ದು, ಇಲ್ಲಿಯದು ಒಳ್ಳೆಯದು ಎಂದು ತೀರ್ಮಾನಿಸುವುದು ಸಲ್ಲದು. ಮಗುವಿನ ನಲಿವು ಪಾಪವಲ್ಲ. ಆದರೆ ಇರುವ ಪ್ರೀತಿಗೆ ನೆಲೆ ಕೊಡುವುದು ಬೇರೆ, ಪ್ರೀತಿಯನ್ನು ಹಿಡಿಕೆಯಾಗಿಸಿಕೊಂಡು ತೀರದ ಬೇಡಿಕೆಯನ್ನು ಹುಟ್ಟಿಸುವುದು ಬೇರೆ. ಈ ವ್ಯತ್ಯಾಸವೇ ವಿಚಾರಣೀಯ.

ಕೃತ, ಕಾರಿತ, ಅನುಮೋದನ ಎಂದು ಕರ್ಮಕ್ಕೆ ಮೂರು ದ್ವಾರಗಳನ್ನು ನಮ್ಮ ಶಾಸ್ತ್ರ ಹೇಳಿದೆ. ಹಟ ಹಿಡಿಯುವುದು ಮಗು; ಹಿಡಿಸುವವನು ವ್ಯಾಪಾರಿ; ಸುಮ್ಮನಾಗಲೆಂದು ಕೊಡಿಸುವವರು ತಂದೆತಾಯಿ. ಮೂವರಲ್ಲಿ ಅರಿವಿಲ್ಲದುದು ಮಗು ಮಾತ್ರ. ಆದರೂ ಬೈಗುಳ ಸಿಗುವುದು ಅದಕ್ಕೇ!

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಮಹಾವೀರರ ಹೆಸರನ್ನು ಹೊತ್ತ ವೃತ್ತವಿದೆ. 66 ಮತ್ತು 73ನೇ ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಆ ಸ್ಥಳದಿಂದ ಶ್ರವಣಬೆಳಗೊಳದತ್ತ ಹೋಗುವ ದಾರಿಯೂ, ಬೆಂಗಳೂರಿನ ವಿಹಾರೋದ್ಯಾನಗಳತ್ತ ಹೋಗುವ ದಾರಿಯೂ ಬಹುದೂರದವರೆಗೆ ಒಂದೇ. ಎರಡೂ ಕಡೆಗೆ ಒಂದೇ ಮನೆಯವರು ಹೋಗಬಹುದು. ಎಲ್ಲಿಗೆ ಹೊರಟರೆಂಬುದಕ್ಕಿಂತ ಯಾವ ಎಲ್ಲೆಯನ್ನು ಮನಸ್ಸಿನಲ್ಲಿಟ್ಟು ಹೊರಟರೆಂಬುದು ಮುಖ್ಯ.

ಭೋಗೋಪಭೋಗ ಪರಿಮಾಣ ವ್ರತ ಇಲ್ಲಿ ನೆರವಾಗುತ್ತದೆ. ಒಂದು ಸಲ ಅನುಭವಿಸಿ ಮುಗಿಯುವ ತಿಂಡಿ ಭೋಗ; ಮತ್ತೆ ಮತ್ತೆ ಬಳಸುವ ಆಟಿಕೆ ಉಪಭೋಗ. ಎರಡಕ್ಕೂ ಮಿತಿಯನ್ನು ಹೊರಡುವ ಮೊದಲೇ ಮಗುವಿನೊಡನೆ ಕುಳಿತು ನಿಶ್ಚಯಿಸಬೇಕು. ಮೊದಲೇ ಒಪ್ಪಿದ ಮಿತಿ ವ್ರತವಾಗುತ್ತದೆ. ಅಂಗಡಿಯ ಮುಂದೆ ಹೇರಿದ ನಿರಾಕರಣೆ ಶಿಕ್ಷೆಯಾಗುತ್ತದೆ.

ಬಸದಿಗಳ ಆಡಳಿತ ಮಂಡಳಿಗಳೂ ಇದನ್ನು ಗಮನಿಸುವುದು ಒಳಿತು. ಮಕ್ಕಳನ್ನು ಪಾಠಶಾಲೆಗೆ ಸೆಳೆಯಲು ದೂರದರ್ಶನದ ಗೊಂಬೆಗಳನ್ನೂ ಬಹುಮಾನಗಳನ್ನೂ ತರುವುದು ಸುಲಭ. ಆದರೆ ಅಪರಿಗ್ರಹವನ್ನು ಬೋಧಿಸಲು ಪರಿಗ್ರಹವನ್ನೇ ಆಮಿಷವಾಗಿ ಒಡ್ಡಿದರೆ ಮಗು ಕಲಿಯುವುದು ಬೋಧನೆಯನ್ನಲ್ಲ, ಆಮಿಷವನ್ನು.