ಭಯವೂ ಅಪರಾಧವೂ

ಭಯಾನಕವನ್ನು ಭರತಮುನಿಯು ನಾಟ್ಯದ ಎಂಟು ರಸಗಳಲ್ಲಿ ಒಂದಾಗಿ ಎಣಿಸಿದನು. ಯಾವುದನ್ನು ದಾರಿಯಲ್ಲಿ ಕಂಡರೆ ಓಡುವೆವೋ ಅದನ್ನೇ ರಂಗದ ಮೇಲೆ ಕಾಣಲು ಹಣ ಕೊಟ್ಟು ಹೋಗುವೆವು. ಇದು ವಿಚಿತ್ರವಾದರೂ ದೋಷವಲ್ಲ. ನಾವು ಕುಳಿತ ಪೀಠದವರೆಗೆ ಹುಲಿಯು ಬಾರದೆಂಬ ಅಭಯವಿರುವುದರಿಂದಲೇ ಅಲ್ಲಿ ಭಯವು ಆಸ್ವಾದ್ಯವಾಗುತ್ತದೆ. ಆದರೆ ಆಟ ಮುಗಿದು ಭಯವು ಇಳಿದ ಮೇಲೆಯೂ, ಭಯಪಡಿಸಿದ ಪ್ರಾಣಿಯು ದುಷ್ಟವೆಂಬ ತೀರ್ಪೊಂದು ಮನಸ್ಸಿನಲ್ಲಿ ಉಳಿದುಬಿಟ್ಟರೆ, ಅದನ್ನು ರಸಾನುಭವವೆನ್ನಬಹುದೆ? ವಿಚಾರಮಾಡಬೇಕಾದ ಪ್ರಶ್ನೆ ಇದು.

2010ರಲ್ಲಿ 'ಬರ್ನಿಂಗ್ ಬ್ರೈಟ್' ಎಂಬ ಇಂಗ್ಲಿಷ್ ಚಲಚ್ಚಿತ್ರವೊಂದು ಬಂದಿತು. ಚಂಡಮಾರುತವು ಬರಲಿದೆಯೆಂದು ಬಾಗಿಲು ಕಿಟಕಿಗಳಿಗೆಲ್ಲ ಹಲಗೆ ಹೊಡೆದ ಮನೆ. ಒಳಗೆ ಒಬ್ಬ ತರುಣಿ, ಆಕೆಯ ಎಳೆಯ ತಮ್ಮ. ಅವರೊಡನೆ ಹಸಿದ ಹುಲಿ. ನೋಡುವವನ ಕಣ್ಣೆಲ್ಲ ಹುಲಿಯ ಮೇಲೆ. ಆದರೆ ಹುಲಿಯನ್ನು ಕೊಂಡುತಂದವನು ಆ ಮಕ್ಕಳ ಮಲತಂದೆ; ಅವರಿಗೆ ತಪ್ಪಿಸಿಕೊಳ್ಳಲು ಹಾದಿಯಿಲ್ಲದಂತೆ ಮಾಡಿದ ಸಂಚೂ ಅವನದೇ. ಹುಲಿಯದು ಹಸಿವು, ಮಲತಂದೆಯದು ಸಂಕಲ್ಪ. ಭಯಕ್ಕೆ ಕಾರಣವಾದದ್ದು ಒಂದು, ಅಪರಾಧಕ್ಕೆ ಹೊಣೆಯಾದವನು ಇನ್ನೊಬ್ಬ. ಈ ಭೇದವನ್ನು ಚಿತ್ರಮಂದಿರದಲ್ಲಿ ಮಗುವೂ ತಿಳಿದೀತು. ಹೊರಗೆ ಬಂದೊಡನೆ ಪ್ರಾಜ್ಞರೂ ಮರೆಯುವರು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2023ರ ಅಕ್ಟೋಬರ್ ಕೊನೆಯಲ್ಲಿ, ನಮ್ಮ ಬಿ.ಟಿ.ಎಂ. ಬಡಾವಣೆಗೆ ಆಗ್ನೇಯಕ್ಕಿರುವ ಸಿಂಗಸಂದ್ರ, ಕೂಡ್ಲು ಗೇಟ್ ಪ್ರದೇಶಗಳಲ್ಲಿ ಒಂದು ಚಿರತೆ ಕಾಣಿಸಿಕೊಂಡಿತು. ಬಹುಮಹಡಿಯ ವಸತಿಗೃಹದೊಳಗೆ ಅದು ಸುಳಿದಾಡಿದ ದೃಶ್ಯವನ್ನು ಕ್ಯಾಮೆರಾದಲ್ಲಿ ಕಂಡ ಮನೆಮನೆಯವರು ಮಕ್ಕಳನ್ನು ಹೊರಗೆ ಬಿಡಲು ಅಂಜಿದರು. ಅಂಜಿದ್ದು ನ್ಯಾಯವೇ. ಆದರೆ ಅಷ್ಟು ದಿನ ಜನರ ನಡುವೆ ಸುತ್ತಿದರೂ ಅದು ಯಾರ ಪ್ರಾಣವನ್ನೂ ತೆಗೆಯಲಿಲ್ಲ. ನವೆಂಬರ್ 1ರಂದು ಅರಣ್ಯ ಇಲಾಖೆಯವರು ಜನವಸತಿಯಿಲ್ಲದ ಕಟ್ಟಡವೊಂದರ ಬಳಿ ಅದನ್ನು ಸುತ್ತುವರಿದಾಗ, ಹಿಡಿಯಲು ಹೋದವರ ಮೇಲೆ ಎರಗಿ ಗಾಯಪಡಿಸಿತು. ಗುಂಡೇಟು ತಿಂದು ಸತ್ತಿತು. ಆ ಗಳಿಗೆಯಲ್ಲಿ ಗುಂಡು ಹಾರಿಸಿದವರನ್ನು ದೂರುವುದು ಸುಲಭ, ಆದರೆ ಉಚಿತವಲ್ಲ. ಮೈಮೇಲೆ ಬಿದ್ದ ಮೃಗದ ಮುಂದೆ ಮನುಷ್ಯನಿಗೆ ಬೇರೆ ಧರ್ಮವನ್ನು ವಿಧಿಸಲಾಗದು. ಪ್ರಶ್ನೆಯು ಅದಕ್ಕಿಂತ ಹಿಂದಿನದು: ಇಲ್ಲಿ ಹಲಗೆ ಹೊಡೆದವರು ಯಾರು?

ಜಯನಗರ, ಜೆ.ಪಿ. ನಗರಗಳ ಮಗ್ಗುಲಲ್ಲಿ ಹಾದುಹೋಗುವ ರಸ್ತೆಗೆ ಬನ್ನೇರುಘಟ್ಟದ ಹೆಸರಿರುವುದು ಅಲಂಕಾರಕ್ಕಲ್ಲ; ಅದು ನಿಜವಾಗಿ ಕಾಡಿನ ದಾರಿ. ಬನಶಂಕರಿಯ ಆರನೆಯ ಹಂತದವರಿಗೆ ತುರಹಳ್ಳಿಯ ಕಾಡು ನೆರೆಮನೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ರಕ್ಷಣೆಗೆಂದು 2016ರ ಕರಡು ಅಧಿಸೂಚನೆಯು 268.96 ಚದರ ಕಿಲೋಮೀಟರುಗಳ ಪರಿಸರಸೂಕ್ಷ್ಮ ವಲಯವನ್ನು ಸೂಚಿಸಿತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 168.84. ಕೂಡ್ಲುವಿನ ಚಿರತೆ ಇದರಿಂದಲೇ ಬಂದಿತೆಂದು ವಾದಿಸುವುದು ತರ್ಕವಾಗದು. ಆದರೆ ಕಾಡಿನಂಚಿಗೆ ಮನೆ, ಮನೆಯಂಚಿಗೆ ಕಸದ ರಾಶಿ, ಕಸಕ್ಕೆ ನಾಯಿ, ನಾಯಿಗೆ ಚಿರತೆ ಎಂಬ ಸರಪಣಿಯಲ್ಲಿ ಮೊದಲ ಕೊಂಡಿಗಳನ್ನು ಬೆಸೆದವರು ನಾವು. ದೂಷಣೆಗೆ ಗುರಿಯಾಗುವುದು ಕಡೆಯ ಕೊಂಡಿ.

ಇದಕ್ಕೆ ಆಕ್ಷೇಪವುಂಟು, ಅದು ಹಗುರವಾದುದಲ್ಲ. 2022ರ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು; ಅವರಲ್ಲಿ ಒಬ್ಬನು ಬಾಲಕ. ಆ ಮನೆಗಳ ಮುಂದೆ ನಿಂತು, ಮೃಗವು ನಿರಪರಾಧಿಯೆಂದು ಉಪದೇಶಿಸುವ ಧೈರ್ಯ ಯಾರಿಗುಂಟು? ನಗರದ ಮಹಡಿಯ ಮೇಲೆ ಕುಳಿತವನ ಭೂತದಯೆಗೆ ಹಳ್ಳಿಯ ತಾಯಿಯೇಕೆ ಬೆಲೆ ತೆರಬೇಕು? ಈ ಮಾತನ್ನು ಪೂರ್ಣವಾಗಿ ಒಪ್ಪಬೇಕು. ಅಂತಹ ಮೃಗವನ್ನು ಹಿಡಿಯಲೇಬೇಕು, ವಿಧಿಯಿಲ್ಲದಿದ್ದರೆ ಕೊಲ್ಲಲೂಬೇಕು. ಆದರೆ ಕೊಲ್ಲುವುದು ಆತ್ಮರಕ್ಷಣೆಯೆಂದು ತಿಳಿದು ಕೊಲ್ಲುವವನಿಗೂ, ಶಿಕ್ಷೆಯೆಂದು ತಿಳಿದು ಕೊಲ್ಲುವವನಿಗೂ ಅಂತರವುಂಟು. ಮೊದಲನೆಯವನು ಮರುದಿನ ಕಾರಣವನ್ನು ವಿಚಾರಿಸುವನು. ಎರಡನೆಯವನು ನ್ಯಾಯವು ಮುಗಿಯಿತೆಂದು ನಿದ್ರೆಹೋಗುವನು. ಸತ್ತವರಿಗೂ ಮುಂದೆ ಬದುಕಬೇಕಾದವರಿಗೂ ಮೊದಲನೆಯವನಿಂದಲೇ ಉಪಕಾರ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಪುಣ್ಯಕೋಟಿಯ ಕಥೆಯಲ್ಲಿಯೂ ಒಂದು ಕುಟುಂಬವುಂಟು, ಒಂದು ಹುಲಿಯುಂಟು. ಕೇಳುವ ಕೂಸು ಅರ್ಬುತನಿಗೆ ಅಂಜುತ್ತದೆ. ಕಡೆಯಲ್ಲಿ ಅವನಿಗಾಗಿಯೂ ಮರುಗುತ್ತದೆ. ಹುಲಿಗೆ ಪಶ್ಚಾತ್ತಾಪವೆಂಬುದು ಪ್ರಕೃತಿಸಿದ್ಧವಲ್ಲವೆಂದು ಇಂದಿನವರು ನಕ್ಕಾರು. ನಗಲಿ. ಆದರೆ ಪಶ್ಚಾತ್ತಾಪಕ್ಕೆ ಅಳವಿಲ್ಲದ ಜೀವಿಗೆ ಪಾಪಕ್ಕೂ ಅಳವಿಲ್ಲವೆಂಬುದನ್ನು ಅವರು ಒಡನೆಯೇ ಒಪ್ಪಬೇಕಾಗುತ್ತದೆ. ಎರಡೂ ಮನುಷ್ಯನ ಸೊತ್ತು. ಭಯಾನಕವನ್ನು ನೋಡೋಣ, ಬೆಚ್ಚೋಣ. ಮನೆಗೆ ಮರಳಿದ ಮೇಲೆ ಮೃಗಕ್ಕೆ ಸಲ್ಲಬೇಕಾದ ಎಚ್ಚರವನ್ನು ಮೃಗಕ್ಕೂ, ನಮಗೆ ಸಲ್ಲಬೇಕಾದ ಹೊಣೆಯನ್ನು ನಮಗೂ ಹಂಚಿಕೊಡೋಣ.