ಖಾಲಿ ಕೊಡವೂ ತುಳುಕುವುದಿಲ್ಲ

ಗಂಡಸರಿಗೆ ಆಕರ್ಷಣೆ ಕಲಿಸುವ ದಂಧೆ ಕನ್ನಡಕ್ಕೂ ಬಂದಾಗಿದೆ. ಮೊಬೈಲಿನಲ್ಲಿ ಅಂಥ ಒಂದು ರೀಲ್ಸ್ ನೋಡಿದರೆ ಬೆನ್ನಿಗೇ ಹತ್ತು ಬರುತ್ತವೆ. ಕಡಿಮೆ ಮಾತಾಡಿ, ಜಾಸ್ತಿ ನಗಬೇಡಿ, ಅವಳ ಮೆಸೇಜಿಗೆ ತಕ್ಷಣ ಉತ್ತರ ಕೊಡಬೇಡಿ, ಮನಸ್ಸಿನಲ್ಲಿರುವುದನ್ನು ಯಾರಿಗೂ ಬಿಟ್ಟುಕೊಡಬೇಡಿ. ಆಮೇಲೆ ನೋಡಿ ನಿಮ್ಮ ಗತ್ತು! ಹಿಂದೆ ಗುಡುಗಿನಂಥ ಸಂಗೀತ, ಮುಂದೆ ಕಪ್ಪು ಕನ್ನಡಕ. ಇದಕ್ಕೆ ನಮ್ಮ ನೆಲದ ಮುದ್ರೆಯೂ ಬೇಕಲ್ಲ, ಅದಕ್ಕಾಗಿ ಎಳೆದು ತಂದಿರುವುದು ಹಳೆಯ ಗಾದೆಯನ್ನು: ತುಂಬಿದ ಕೊಡ ತುಳುಕುವುದಿಲ್ಲ. ಪರೀಕ್ಷೆಯಲ್ಲಿ ‘ವಿಸ್ತರಿಸಿ ಬರೆಯಿರಿ’ ಎಂದಾಗ ಮೂರು ಅಂಕಕ್ಕೆ ನಾವೆಲ್ಲ ಬರೆದ ಗಾದೆ ಈಗ ಹುಡುಗಿಯರನ್ನು ಸೆಳೆಯುವ ಮಂತ್ರವಾಗಿದೆ.

ಗಾದೆಗೆ ಶಾಲೆ ಕೊಟ್ಟ ಅರ್ಥ ಎಲ್ಲರಿಗೂ ಗೊತ್ತು. ಪಂಡಿತನಿಗೆ ಅಹಂಕಾರ ಇರುವುದಿಲ್ಲ ಅಂತ. ಅಹಂಕಾರ ತುಳುಕುವ ಪಂಡಿತರನ್ನು ವಿಶ್ವವಿದ್ಯಾಲಯಗಳಲ್ಲಿ ಸಾಕಷ್ಟು ನೋಡಿರುವುದರಿಂದ ಆ ಅರ್ಥವನ್ನು ಅಲ್ಲಿಗೇ ಬಿಡೋಣ. ಎರಡನೆಯದು ರೀಲ್ಸಿನವರ ಅರ್ಥ: ಮಾತಾಡದವನೇ ಗಂಭೀರ, ಗಂಭೀರನೇ ಗಂಡಸು. ಇದಕ್ಕೆ ಒಂದೇ ಮಾತಿನ ಉತ್ತರ ಸಾಕು. ಖಾಲಿ ಕೊಡವೂ ತುಳುಕುವುದಿಲ್ಲ.

ಈ ಗಾದೆಯನ್ನು ಹುಟ್ಟಿಸಿದವರು ನೀರು ಹೊತ್ತವರು. ಅಡುಗೆಮನೆಯ ಮೂಲೆಯಲ್ಲಿ ಕೂತ ಕೊಡ ತುಂಬಿದ್ದರೂ ಅಷ್ಟೆ, ಅರ್ಧವಾದರೂ ಅಷ್ಟೆ, ಅದು ತುಳುಕುವ ಪ್ರಶ್ನೆಯೇ ಇಲ್ಲ. ತುಳುಕುವುದು ಸೊಂಟದ ಮೇಲೆ, ತಲೆಯ ಮೇಲೆ, ಬಾವಿಯಿಂದ ಮನೆಗೆ ಕಲ್ಲುಮುಳ್ಳಿನ ದಾರಿ ಸವೆಸುವಾಗ. ಅರ್ಧ ಕೊಡದ ನೀರಿಗೆ ಓಡಾಡಲು ಜಾಗವಿರುತ್ತದೆ, ಹೆಜ್ಜೆಗೊಮ್ಮೆ ಅದು ಅತ್ತಿಂದಿತ್ತ ಹೊಯ್ದಾಡುತ್ತದೆ. ಕಂಠಮಟ್ಟ ತುಂಬಿದ ಕೊಡದ ನೀರಿಗೆ ಆ ಜಾಗವೇ ಇಲ್ಲ. ಅರ್ಧ ತುಂಬಿದ ಟ್ಯಾಂಕರನ್ನು ತಿರುವಿನಲ್ಲಿ ಓಡಿಸಿದ ಚಾಲಕರಿಗೆ ಈ ಗಾದೆಯನ್ನು ಯಾರೂ ವಿವರಿಸಬೇಕಿಲ್ಲ. ಹಾಗಾಗಿ ಗಾದೆ ಹೇಳುತ್ತಿರುವುದು ಅಲುಗಾಟದ ವಿಷಯ, ಮೌನದ ವಿಷಯವಲ್ಲ. ಗಂಡಸೊಬ್ಬನನ್ನು ಅಲುಗಿಸಿದಾಗ ಏನು ಚೆಲ್ಲುತ್ತದೆ? ನನ್ನ ಅರ್ಥ ಇಷ್ಟೇ, ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಒಳಗೆ ಹೊಯ್ದಾಡುವ ನೀರು ಯಾವುದು ಅಂದರೆ, ತನ್ನದೇ ಚಿಂತೆ. ನಾನು ಹೇಗೆ ಕಾಣುತ್ತಿದ್ದೇನೆ, ನನ್ನ ಜೋಕಿಗೆ ಅವಳು ನಕ್ಕಳಾ, ಎದುರಿನವನು ನನಗಿಂತ ಎತ್ತರವಾ. ಇದರಲ್ಲೇ ಮುಳುಗಿದವನು ಮುಂದೆ ಕೂತಿದ್ದರೂ ನಮ್ಮ ಮುಂದೆ ಇರುವುದಿಲ್ಲ. ರೀಲ್ಸ್ ಗುರುಗಳು ಕಲಿಸುವ ಪ್ರತಿ ಉಪಾಯವೂ ಈ ಚಿಂತೆಯನ್ನು ಹೆಚ್ಚಿಸುವಂಥದ್ದೇ. ಉತ್ತರ ಕೊಡಲು ಎಷ್ಟು ನಿಮಿಷ ಕಾಯಬೇಕೆಂದು ಗಡಿಯಾರ ನೋಡುತ್ತಾ ಕೂತವನಿಗೆ ಅವಳು ಬರೆದದ್ದನ್ನು ಓದಲು ಪುರುಸೊತ್ತೆಲ್ಲಿ?

ಈ ಗುರುಗಳ ಬಾಯಲ್ಲಿ ಸದಾ ಇರುವ ‘ಆಲ್ಫಾ’ ಗಂಡಸಿನ ಕಥೆಯನ್ನೂ ಹೇಳಿಬಿಡಬೇಕು. ಅದು ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸೆರೆಯಲ್ಲಿಟ್ಟ ತೋಳಗಳ ಕಾದಾಟ ನೋಡಿ, ಹಿಂಡಿನಲ್ಲಿ ಹೊಡೆದಾಡಿ ಮೇಲೇರುವ ತೋಳಗಳಿರುತ್ತವೆ ಎಂದು ಬರೆದರು. ಡೇವಿಡ್ ಮೆಕ್ ಎಂಬ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಅದೇ ಮೆಕ್, ಹಿಂಡು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಅಲ್ಲಿ ಹೊಡೆದಾಡಿ ಪಟ್ಟಕ್ಕೇರುವ ಸಂಗತಿ ಇಲ್ಲವೆಂದು 1999ರಲ್ಲಿ ಬರೆದರು. ಹಳೆಯ ಪುಸ್ತಕವನ್ನು ಮುದ್ರಿಸಬೇಡಿ ಎಂದು ಪ್ರಕಾಶಕರನ್ನು ತಾವೇ ಕೇಳಿಕೊಂಡರು. ಬರೆದವರೇ ಕೈಬಿಟ್ಟದ್ದನ್ನು ನಮ್ಮ ಹುಡುಗರು ಫೀಸು ಕೊಟ್ಟು ಕಲಿಯುತ್ತಿದ್ದಾರೆ.

ತುಂಬಿದ ಕೊಡ ನೋಡಬೇಕಾದರೆ ಭದ್ರಾವತಿಯ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥರನ್ನು ನೋಡಿ. ಕುಳ್ಳಗಿನ ಆಳು; ಇಂದಿನ ಪಾಠದ ಪ್ರಕಾರ ಮೊದಲ ಸುತ್ತಿನಲ್ಲೇ ಹೊರಗೆ. ಆದರೆ ಅವರ ಸ್ಕ್ವೇರ್ ಕಟ್ ನೋಡಿದ ತಲೆಮಾರಿನವರನ್ನು ಮಾತಾಡಿಸಿ, ಮುಖ ಅರಳುತ್ತದೆ. 1980ರ ಫೆಬ್ರುವರಿ, ಮುಂಬಯಿಯ ವಾಂಖೆಡೆ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ನಾಯಕ. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಂದ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರ್ ಬೆರಳೆತ್ತಿದರು. ಟೇಲರ್ ತಬ್ಬಿಬ್ಬಾಗಿ ನಿಂತರು. ಸ್ಲಿಪ್‌ನಲ್ಲಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಾತ್ರಿಯಿತ್ತು. ಮನವಿ ಹಿಂತೆಗೆದುಕೊಂಡು ಟೇಲರರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಜೊತೆಗಾರ ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದದ್ದು ಎರಡೇ ಟೆಸ್ಟ್‌ಗಳಿಗೆ, ಇದೇ ಕೊನೆಯದು. ಅಂಪೈರ್ ಔಟ್ ಕೊಟ್ಟಾಗಿದೆ, ಸುಮ್ಮನಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಗಮನಿಸಿ, ಇಲ್ಲಿ ದೊಡ್ಡತನ ಇದ್ದದ್ದು ಬಾಯಿಬಿಟ್ಟು ಹೇಳಿದ್ದರಲ್ಲಿ. ಮೌನವೇ ಸುಲಭದ ದಾರಿಯಾಗಿತ್ತು.

ಇದೇ ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿದ್ದರು. ಕುಗ್ಗಿಹೋದ ಹುಡುಗನ ಬಳಿಗೆ ಬಂದು, ಚಿಂತೆ ಬಿಡು, ನೀನು ಶತಕ ಹೊಡೆಯುತ್ತೀಯ ಎಂದು ಧೈರ್ಯ ಹೇಳಿದವರು ನಾಯಕ ಪಟೌಡಿ. ಎರಡನೇ ಇನ್ನಿಂಗ್ಸಿನಲ್ಲಿ 137 ಬಂತು. ಪಟೌಡಿಯ ಠೀವಿಯನ್ನು ಕುರಿತು ಮಾತಾಡದವರಿಲ್ಲ: ನವಾಬಗಿರಿ, ಶರ್ಮಿಳಾ ಟ್ಯಾಗೋರ್ ಜೊತೆಗಿನ ಮದುವೆ, ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಹೋದರೂ ಆಡಿದ ಆಟ. ನನ್ನ ಲೆಕ್ಕದಲ್ಲಿ ಆ ಠೀವಿಯ ಗುಟ್ಟು ಸೊನ್ನೆ ಹೊಡೆದ ಹುಡುಗ ಅವರ ಕಣ್ಣಿಗೆ ಬಿದ್ದದ್ದರಲ್ಲಿದೆ. ತನ್ನ ಚಿಂತೆಯಲ್ಲೇ ಇದ್ದ ನಾಯಕನಿಗೆ ಅವನು ಕಾಣಿಸುತ್ತಲೇ ಇರಲಿಲ್ಲ.

ಕೊಡ ತುಂಬುವ ಬಗೆಯನ್ನು ಯಾರೂ ವಾರಾಂತ್ಯದ ಶಿಬಿರದಲ್ಲಿ ಹೇಳಿಕೊಡಲಾರರು, ಅದಕ್ಕೆ ವರ್ಷಗಳೇ ಬೇಕು. ರಾಜ್‌ಕುಮಾರ್ ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಬಂದವರು, ಕಂಠವಿತ್ತು. ಆದರೂ ಸಿನಿಮಾದಲ್ಲಿ ವರ್ಷಾನುಗಟ್ಟಲೆ ಅವರ ಹಾಡಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. 1954ರಲ್ಲಿ ನಾಯಕನಾದವರು ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಹಾಡಿ ಗಾಯಕರಾಗಿಯೂ ನೆಲೆನಿಂತದ್ದು 1974ರಲ್ಲಿ. ಜಿಮ್ಮಿಗೆ ಹೋಗಬೇಡಿ ಎನ್ನುತ್ತಿಲ್ಲ, ಖಂಡಿತ ಹೋಗಿ. ಒಳ್ಳೆಯ ಅಂಗಿ ಹಾಕಿ, ಗಡ್ಡ ಓರಣವಾಗಿರಲಿ. ಅದೆಲ್ಲ ಕೊಡದ ಹೊರಮೈ ಬೆಳಗಿದ ಹಾಗೆ, ಬೆಳಗಲೇಬೇಕಾದದ್ದೇ. ನೀರು ಮಾತ್ರ ಬೇರೆ ಕಡೆಯಿಂದ ಬರಬೇಕು: ಕೈಯಲ್ಲಿರುವ ಒಂದು ಕಸುಬಿನಿಂದ, ಎದುರಿಗಿರುವವರ ಮಾತನ್ನು ಕೊನೆತನಕ ಕೇಳುವ ಅಭ್ಯಾಸದಿಂದ.

ಹೆಂಗಸರಿಗೆ ಇದು ಹೇಗೋ ಗೊತ್ತಿರುತ್ತದೆ. ಹುಡುಗಿಯರು ಹುಡುಗನನ್ನು ಅಳೆಯುವುದು ದರ್ಶಿನಿಯಲ್ಲಿ, ಟೇಬಲ್ ಒರೆಸುವ ಹುಡುಗ ಕಾಫಿ ಚೆಲ್ಲಿದಾಗ. ಇನ್ನು ಮನೆಗಳ ವಿಷಯ. ‘ನಮ್ಮಪ್ಪ ತುಂಬಿದ ಕೊಡ, ಮಾತೇ ಕಮ್ಮಿ’ ಎಂದು ಹೆಮ್ಮೆಪಡುವ ಗಂಡುಮಕ್ಕಳನ್ನು ಕೇಳುತ್ತಲೇ ಇರುತ್ತೇವೆ. ಅದೇ ಅಪ್ಪ ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ಸರಿಸಿ ಏಳುತ್ತಿದ್ದರು ಎಂಬುದನ್ನು ಹೇಳುವುದು ಅಮ್ಮಂದಿರು, ಅದೂ ಅಪ್ಪ ತೀರಿಕೊಂಡ ಮೇಲೆ. ಆ ಮೌನವನ್ನು ಗಾಂಭೀರ್ಯ ಎಂದು ಎರಡು ತಲೆಮಾರು ಪೂಜಿಸಿದ್ದಾಯಿತು, ಸಾಕು.

ಆದರೆ ಕೊಡದ ಮಾತೇ ನಿಲ್ಲದ ಒಂದು ಜಾಗವಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು, ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿಯಾಯಿತು. ಇಂಥವರಿಗೂ ರೀಲ್ಸ್ ಗುರು ಹೇಳುವುದು ಒಂದೇ, ತಪ್ಪು ನಿನ್ನಲ್ಲಿದೆ, ನಿನ್ನ ಗತ್ತು ಸಾಲದು. ಸುಳ್ಳು. ಬೇಸಾಯಕ್ಕೆ ಭರವಸೆಯಿಲ್ಲದ್ದು ಅವರ ತಪ್ಪಲ್ಲ. ಓದಿದ ಹೆಣ್ಣುಮಕ್ಕಳು ತಮ್ಮ ಬದುಕನ್ನು ತಾವೇ ಆರಿಸಿಕೊಳ್ಳುವುದು ಯಾರ ತಪ್ಪೂ ಅಲ್ಲ. ಜೊತೆಗೆ ಹೆಣ್ಣುಮಕ್ಕಳೇ ಕಡಿಮೆ: 2011ರ ಜನಗಣತಿಯಲ್ಲಿ ರಾಜ್ಯದ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದಿತ್ತು. ಆದರೂ ಆ ಯುವಕರು ಹರಕೆ ಹೊತ್ತು ನಡೆದ ವರ್ಷದ ಕೊನೆಗೆ, ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ಭ್ರೂಣಲಿಂಗ ಪತ್ತೆಯ ಜಾಲವನ್ನು ಪೊಲೀಸರು ಬಯಲಿಗೆಳೆದರು. ನಿಮ್ಮೂರಿನ ಸುತ್ತಮುತ್ತ ಅಂಥದ್ದು ನಡೆಯುತ್ತಿರುವುದು ಗೊತ್ತಾದರೆ ದಯವಿಟ್ಟು ಸುಮ್ಮನಿರಬೇಡಿ, ದೂರು ಕೊಡಿ.