ಸೆಲ್ಫಿ ಮತ್ತು ಮಾನಕಷಾಯ

ಷಟ್ಖಂಡ ಭೂಮಂಡಲವನ್ನು ಜಯಿಸಿದ ಭರತ ಚಕ್ರವರ್ತಿಯು ತನ್ನ ಕೀರ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಹೋದ ಪ್ರಸಂಗವು ಪಂಪನ ಆದಿಪುರಾಣದಲ್ಲಿ ಬರುತ್ತದೆ. ಆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ! ತನ್ನಂಥವರು ಎಷ್ಟೋ ಮಂದಿ ಆಗಿಹೋಗಿರುವುದನ್ನು ಕಂಡು ಆತನ ಗರ್ವವು ಇಳಿಯಿತು. ಆದರೂ ಒಬ್ಬನ ಹೆಸರನ್ನು ಅಳಿಸಿ, ತನ್ನದನ್ನು ಬರೆಯಿಸಿಯೇ ಹಿಂದಿರುಗಿದನು. ಗರ್ವ ಇಳಿದ ಮೇಲೂ ಹೆಸರಿನ ಆಸೆ ಇಳಿಯಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಮಾತು.

ಇದು ಪುರಾಣದ ಕಥೆ ಮಾತ್ರವಲ್ಲ. ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ತ್ಯಾಗದ ಬ್ರಹ್ಮದೇವ ಸ್ತಂಭವಿದೆ. ಅದರ ಮೇಲಿದ್ದ ಚಾವುಂಡರಾಯನ ಶಾಸನದ ಬಹುಭಾಗವನ್ನು ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣನೆಂಬಾತನು ಅಳಿಸಿ ತನ್ನ ಕಿರುಶಾಸನವನ್ನು ಕೆತ್ತಿಸಿದನು. ಅದೂ ತ್ಯಾಗದ ಹೆಸರು ಹೊತ್ತ ಕಂಬದ ಮೇಲೆ!

ಅಂದು ಇದಕ್ಕೆ ಉಳಿ ಬೇಕಿತ್ತು, ಶಿಲ್ಪಿಗೆ ಕೂಲಿ ಕೊಡಬೇಕಿತ್ತು. ಇಂದು ಜೇಬಿನಲ್ಲಿ ಮೊಬೈಲ್ ಇದ್ದರೆ ಸಾಕು. 2013ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ಸೆಲ್ಫಿ'ಯನ್ನು ವರ್ಷದ ಪದವೆಂದು ಆರಿಸಿದರು. ಐದೇ ವರ್ಷಗಳಲ್ಲಿ, ಜೀವಹಾನಿಯ ಕಾರಣದಿಂದ, ಗೋವಾದ ಕಡಲತೀರಗಳ ಜೀವರಕ್ಷಕ ಸಂಸ್ಥೆಯು 24 ಸ್ಥಳಗಳನ್ನು ಸೆಲ್ಫಿ ನಿಷಿದ್ಧವೆಂದು ಗುರುತಿಸಬೇಕಾಯಿತು.

ಬಸದಿಯಲ್ಲಿ ಪ್ರಾಣಭಯವಿಲ್ಲ, ಅಲ್ಲಿನ ನಷ್ಟ ಬೇರೆ. ಭಗವಂತನೂ ತಾನೂ ಒಂದೇ ಚಿತ್ರದಲ್ಲಿ ಮೂಡಬೇಕಾದರೆ ಭಗವಂತನಿಗೆ ಬೆನ್ನು ತಿರುಗಿಸಿಯೇ ನಿಲ್ಲಬೇಕು. ದರ್ಶನಕ್ಕೆಂದು ನೂರಾರು ಮೆಟ್ಟಿಲು ಹತ್ತಿದವನು ಕೊನೆಗೆ ದರ್ಶನ ಮಾಡುವುದು ತನ್ನ ಮುಖವನ್ನೇ! ಬೆಟ್ಟ ಇಳಿಯುವ ಮೊದಲೇ ಚಿತ್ರವನ್ನು ಹತ್ತಾರು ಕಡೆಗೆ ಕಳುಹಿಸಿ, ಎಷ್ಟು ಮಂದಿ ಮೆಚ್ಚಿದರೆಂದು ಗಲ್ಲೆಯ ಹಣ ಎಣಿಸಿದಂತೆ ಎಣಿಸುತ್ತಾನೆ. ವ್ಯಾಪಾರಿಯಾದರೂ ದಿನಕ್ಕೊಮ್ಮೆ ಕಿರ್ದಿ ಮುಚ್ಚುತ್ತಾನೆ. ಈ ಲೆಕ್ಕಕ್ಕೆ ಮುಚ್ಚುವ ಹೊತ್ತೆಂಬುದಿಲ್ಲ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಉಸಗಾಂವದ ಕಾರ್ಖಾನೆಗಳಲ್ಲಿ ದುಡಿಯಲು ಉತ್ತರ ಕರ್ನಾಟಕದಿಂದ ಬಂದ ತರುಣನೊಬ್ಬನು ಯಾತ್ರೆಗೆ ಹೋದಾಗ ಇಂಥದೇ ಚಿತ್ರವನ್ನು ಊರಿನಲ್ಲಿರುವ ತಾಯಿಗೆ ಕಳುಹಿಸುತ್ತಾನೆ. ಹಿಂದೆ 'ಇತ್ತ ನಾನು ಕ್ಷೇಮ' ಎಂದು ಕಾಗದ ಬರೆಯುತ್ತಿದ್ದುದಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಅದನ್ನು ಎಷ್ಟು ಮಂದಿ ಮೆಚ್ಚಿದರೆಂಬುದು ಆ ತಾಯಿಗೆ ಬೇಡ. ಹಿಂದೆ ನಿಂತ ಗೊಮ್ಮಟನಿಗೆ ಮೊದಲು ಕೈ ಮುಗಿದು, ಬಳಿಕ ಮಗನ ಮುಖವನ್ನು ನೋಡಿ, ಯಾಕೆ ಸೊರಗಿದ್ದೀ, ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಎಂದು ವಿಚಾರಿಸುತ್ತಾಳೆ.